ಎಂಟು ತಿಂಗಳು ತುಂಬಿದರೂ ಮಗು ತಿರುಗದಿದ್ದರೆ

ಸ್ಕ್ಯಾನಿಂಗ್ ಮುಗಿಸಿ ಹೊರಬಂದ ಗರ್ಭಿಣಿಯ ಕೈಯಲ್ಲಿರುವ ರಿಪೋರ್ಟ್‌ನಲ್ಲಿ ಮಗುವಿನ ತೂಕ, ನೀರಿನ ಪ್ರಮಾಣ, ಮಾಸು ಇರುವ ಜಾಗ ಎಲ್ಲವೂ ಬರೆದಿರುತ್ತದೆ. ಆದರೆ ಮನೆಯವರ ಕಣ್ಣು ಹೋಗುವುದು 'ಬ್ರೀಚ್' ಎಂಬ ಒಂದೇ ಪದದ ಕಡೆಗೆ. ಮಗು ಉಲ್ಟಾ ಇದೆಯಂತೆ ಎಂಬ ಸುದ್ದಿ ಅಡುಗೆ ಮನೆಯಿಂದ ನೆರೆಮನೆಗೆ, ಅಲ್ಲಿಂದ ಗಲ್ಫ್‌ನಲ್ಲಿರುವ ಗಂಡನ ಫೋನಿಗೆ ತಲುಪುವಷ್ಟರಲ್ಲಿ ಸಲಹೆಗಳ ಮಳೆ ಶುರುವಾಗುತ್ತದೆ. ಒಬ್ಬರು ಹೊಟ್ಟೆಗೆ ಎಣ್ಣೆ ಹಚ್ಚಿ ಮಗುವನ್ನು ತಿರುಗಿಸುವ ಅಜ್ಜಿಯ ವಿಳಾಸ ಕೊಡುತ್ತಾರೆ. ಇನ್ನೊಬ್ಬರು ಸುಜೂದ್‌ನಲ್ಲಿ ಹೆಚ್ಚು ಹೊತ್ತು ಇದ್ದರೆ ಸರಿಹೋಗುತ್ತದೆ ಎನ್ನುತ್ತಾರೆ. ಮತ್ತೊಬ್ಬರು, ಇನ್ನು ಆಪರೇಷನ್ ಬಿಟ್ಟು ಬೇರೆ ದಾರಿಯೇ ಇಲ್ಲ ಎಂದು ಹೆದರಿಸುತ್ತಾರೆ.

ಈ ಯಾವ ಸಲಹೆಯ ಹಿಂದೆ ಹೋಗುವ ಮೊದಲೂ ಅದೇ ರಿಪೋರ್ಟ್‌ನಲ್ಲಿ ಇನ್ನೊಂದು ಸಂಗತಿಯನ್ನು ನೋಡಿ. ಗರ್ಭಕ್ಕೆ ಈಗ ಎಷ್ಟು ವಾರ? ಬ್ರೀಚ್ ಎಂದರೆ ಮಗುವಿನ ತಲೆ ಮೇಲಿದೆ, ಪೃಷ್ಠ ಅಥವಾ ಕಾಲು ಕೆಳಗಿದೆ ಎಂದಷ್ಟೇ ಅರ್ಥ. ಅದೊಂದು ರೋಗವಲ್ಲ. 28 ವಾರಗಳ ಸುಮಾರಿಗೆ ನಾಲ್ಕೈದು ಮಕ್ಕಳಲ್ಲಿ ಒಂದು ಹೀಗೆಯೇ ಇರುತ್ತದೆ. ಆಗ ಗರ್ಭಕೋಶದೊಳಗೆ ಜಾಗ ಧಾರಾಳವಾಗಿರುತ್ತದೆ, ಮಗು ದಿನಕ್ಕೊಂದು ಭಂಗಿಯಲ್ಲಿರುತ್ತದೆ. ಬೆಳೆಯುತ್ತಾ ಹೋದಂತೆ ಹೆಚ್ಚಿನ ಮಕ್ಕಳು ತಾವಾಗಿಯೇ ತಲೆ ಕೆಳಗೆ ಮಾಡಿಕೊಳ್ಳುತ್ತವೆ. ತಿಂಗಳು ತುಂಬುವ ಹೊತ್ತಿಗೆ ಬ್ರೀಚ್ ಆಗಿಯೇ ಉಳಿಯುವುದು 100ರಲ್ಲಿ 3 ಅಥವಾ 4 ಮಕ್ಕಳು ಮಾತ್ರ. ಆದ್ದರಿಂದ ಏಳನೇ ತಿಂಗಳ ರಿಪೋರ್ಟ್‌ನಲ್ಲಿ ಈ ಪದ ಕಂಡರೆ ನಿದ್ದೆಗೆಡಬೇಕಾಗಿಲ್ಲ. ತಪಾಸಣೆ ತಪ್ಪಿಸದಿದ್ದರೆ ಸಾಕು.

ಲೆಕ್ಕ ಬದಲಾಗುವುದು 36ನೇ ವಾರದಲ್ಲಿ. ಆ ವಾರದ ತಪಾಸಣೆಗೆ ಹೋದಾಗ ಡಾಕ್ಟರ್ ಹೇಳಲಿ, ಹೇಳದಿರಲಿ, ನೀವೇ ಬಾಯಿಬಿಟ್ಟು ಕೇಳಿ: "ಮಗುವಿನ ತಲೆ ಈಗ ಎಲ್ಲಿದೆ?" ಅನುಭವಿ ಕೈ ಹೊಟ್ಟೆ ಮುಟ್ಟಿಯೇ ಅಂದಾಜು ಮಾಡುತ್ತದೆ. ತಲೆ ಗುಂಡಗೆ, ಗಟ್ಟಿಯಾಗಿ, ಪಕ್ಕೆಲುಬಿನ ಕೆಳಗೆ ಸಿಗುತ್ತದೆ. ಎದೆಬಡಿತ ಹೊಕ್ಕುಳಿಗಿಂತ ಮೇಲೆ ಕೇಳಿಸುತ್ತದೆ. ಮಗುವಿನ ಒದೆತ ಕೆಳಹೊಟ್ಟೆಯಲ್ಲಿ, ಮೂತ್ರಚೀಲದ ಹತ್ತಿರ ಅನುಭವಕ್ಕೆ ಬರುತ್ತಿದ್ದರೆ, ಮೇಲ್ಗಡೆ ಪಕ್ಕೆಲುಬಿಗೆ ಗಟ್ಟಿಯಾದದ್ದೇನೋ ಒತ್ತುತ್ತಿದ್ದರೆ ಅದನ್ನು ಡಾಕ್ಟರಿಗೆ ತಿಳಿಸಿ. ಆದರೆ ಕೈ ಅಂದಾಜು ಕೆಲವೊಮ್ಮೆ ತಪ್ಪುತ್ತದೆ, ಅದರಲ್ಲೂ ದಪ್ಪಗಿರುವವರಲ್ಲಿ. ಸಂಶಯ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಖಾಸಗಿ ಆಸ್ಪತ್ರೆಯ ಖರ್ಚು ಭರಿಸಲಾಗದವರಿಗೂ ದಾರಿ ಇದೆ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರ್ ಉಚಿತವಾಗಿ ಪರೀಕ್ಷಿಸುತ್ತಾರೆ. ತಾಯಿ ಕಾರ್ಡ್ ಹಿಡಿದು ಹೋದರಾಯಿತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತಿರುತ್ತದೆ.

ತಪ್ಪು ಯಾರದ್ದು?

ಯಾರದ್ದೂ ಅಲ್ಲ. ಇದನ್ನು ಮೊದಲೇ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮನೆಗಳಲ್ಲಿ ಮಗು ತಿರುಗದಿದ್ದರೆ ಮೊದಲ ವಿಚಾರಣೆ ಸೊಸೆಯದ್ದೇ ಆಗುತ್ತದೆ. ಮಗ್ಗುಲು ಬದಲಿಸುವಾಗ ಎದ್ದು ಕುಳಿತು ತಿರುಗಿ ಮಲಗಲಿಲ್ಲ, ಕೊಡ ಎತ್ತಿದಳು, ಬೈಕಿನಲ್ಲಿ ಕುಳಿತಳು, ಗ್ರಹಣದ ಹೊತ್ತು ಹೊರಗೆ ಬಂದಳು ಎಂದೆಲ್ಲ ಮಾತು ಬರುತ್ತದೆ. ಇವುಗಳಿಗೂ ಮಗುವಿನ ಭಂಗಿಗೂ ಸಂಬಂಧವಿಲ್ಲ. ನಿಜವಾದ ಕಾರಣಗಳು ಬೇರೆ. ತಿಂಗಳು ತುಂಬದಿರುವುದು, ಅವಳಿ ಮಕ್ಕಳು, ಗರ್ಭಜಲ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಇರುವುದು, ಮಾಸು ಗರ್ಭಕೋಶದ ಬಾಯಿಯ ಮೇಲೆಯೇ ಕುಳಿತಿರುವುದು, ಗರ್ಭಕೋಶದಲ್ಲಿ ಗಡ್ಡೆ ಇರುವುದು ಅಥವಾ ಅದರ ಆಕಾರವೇ ಹುಟ್ಟಿನಿಂದ ಬೇರೆಯಾಗಿರುವುದು. ಹಲವು ಹೆರಿಗೆಯಾದ ತಾಯಂದಿರಲ್ಲಿ ಹೊಟ್ಟೆಯ ಸ್ನಾಯು ಸಡಿಲಗೊಂಡಿರುವುದರಿಂದಲೂ ಹೀಗಾಗುತ್ತದೆ. ಹಿಂದಿನ ಮಗು ಬ್ರೀಚ್ ಆಗಿದ್ದರೆ ಮುಂದಿನದ್ದೂ ಹಾಗಾಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಬಹಳಷ್ಟು ಸಂದರ್ಭಗಳಲ್ಲಂತೂ ಹುಡುಕಿದರೂ ಯಾವ ಕಾರಣವೂ ಸಿಗುವುದಿಲ್ಲ.

ಬ್ರೀಚ್‌ನಲ್ಲಿಯೂ ಬಗೆಗಳಿವೆ. ಹೆಚ್ಚಿನ ಮಕ್ಕಳು ಎರಡೂ ಕಾಲನ್ನು ನೇರವಾಗಿ ಮೇಲೆತ್ತಿ, ಪಾದವನ್ನು ಮುಖದ ಹತ್ತಿರ ಇಟ್ಟುಕೊಂಡಿರುತ್ತವೆ. ಕೆಲವು ಚಕ್ಕಳಮಕ್ಕಳ ಹಾಕಿ ಕುಳಿತಂತೆ ಇರುತ್ತವೆ. ಇನ್ನು ಕೆಲವು ಒಂದು ಕಾಲನ್ನೋ ಎರಡನ್ನೋ ಕೆಳಕ್ಕೆ ಇಳಿಬಿಟ್ಟಿರುತ್ತವೆ. ಈ ಕೊನೆಯದ್ದು ಹೆಚ್ಚು ಅಪಾಯದ್ದು. ಯಾಕೆಂದು ಮುಂದೆ ನೋಡೋಣ. ನಿಮ್ಮ ಮಗು ಯಾವ ಬಗೆಯದ್ದು ಎಂದು ಡಾಕ್ಟರನ್ನು ಕೇಳಿ ತಿಳಿದಿರಿ.

ಹೊರಗಿನಿಂದ ತಿರುಗಿಸುವುದು

ಹೆಚ್ಚಿನ ಕುಟುಂಬಗಳಿಗೆ ಗೊತ್ತೇ ಇಲ್ಲದ, ಕೇಳದಿದ್ದರೆ ಕೆಲವು ಆಸ್ಪತ್ರೆಗಳಲ್ಲಿ ಹೇಳದೆಯೇ ಹೋಗಬಹುದಾದ ಒಂದು ಉಪಾಯ ಇದೆ. ಹೊಟ್ಟೆಯ ಮೇಲಿಂದ ಕೈಗಳಿಂದ ಒತ್ತಿ ಮಗುವನ್ನು ತಲೆ ಕೆಳಗಾಗುವಂತೆ ತಿರುಗಿಸುವುದು. ವೈದ್ಯರು ಇದನ್ನು 'ಇಸಿವಿ' ಎನ್ನುತ್ತಾರೆ. ಚೊಚ್ಚಲ ಗರ್ಭಿಣಿಯಾದರೆ 36 ವಾರ ತುಂಬಿದ ಮೇಲೆ, ಮೊದಲೇ ಹೆರಿಗೆಯಾದವರಿಗೆ 37 ವಾರ ತುಂಬಿದ ಮೇಲೆ ಇದನ್ನು ಮಾಡುತ್ತಾರೆ.

ಅದು ನಡೆಯುವುದು ಹೀಗೆ. ಮೊದಲು ಸ್ಕ್ಯಾನ್ ಮಾಡಿ ಮಗು, ಮಾಸು, ನೀರು ಎಲ್ಲವನ್ನೂ ನೋಡುತ್ತಾರೆ. ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಸ್ವಲ್ಪ ಹೊತ್ತು ದಾಖಲಿಸುತ್ತಾರೆ. ಗರ್ಭಕೋಶ ಸಡಿಲವಾಗಲು ಟರ್ಬ್ಯುಟಲಿನ್‌ನಂತಹ ಒಂದು ಇಂಜೆಕ್ಷನ್ ಕೊಡುವುದುಂಟು. ಅದರಿಂದ ಕೆಲವು ನಿಮಿಷ ನಿಮ್ಮ ಎದೆ ಜೋರಾಗಿ ಬಡಿದುಕೊಳ್ಳಬಹುದು, ಕೈ ನಡುಗಬಹುದು. ಹೆದರಬೇಡಿ, ಬೇಗ ಇಳಿಯುತ್ತದೆ. ಬಳಿಕ ಡಾಕ್ಟರ್ ಮಗುವಿನ ಪೃಷ್ಠವನ್ನು ಸೊಂಟದ ಎಲುಬಿನಿಂದ ಮೇಲಕ್ಕೆತ್ತಿ, ತಲೆಯನ್ನು ಮೆಲ್ಲಗೆ ಒತ್ತುತ್ತಾ ಮಗು ಪಲ್ಟಿ ಹೊಡೆಯುವಂತೆ ಮಾಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಹೊಟ್ಟೆ ಬಿಗಿದು ನೋವಾಗುವುದು ನಿಜ. ತಡೆಯಲಾಗದಿದ್ದರೆ ನಿಲ್ಲಿಸಿ ಎನ್ನಿ, ನಿಲ್ಲಿಸುತ್ತಾರೆ. ಮುಗಿದ ಮೇಲೆ ಮತ್ತೆ ಎದೆಬಡಿತ ನೋಡಿ, ಎಲ್ಲ ಸರಿ ಇದ್ದರೆ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 'ಆಂಟಿ-ಡಿ' ಇಂಜೆಕ್ಷನ್ ಬೇಕಾಗುತ್ತದೆ, ಅದನ್ನು ನೆನಪಿಸಿ.

ಯಶಸ್ಸು ಎಷ್ಟು? ಸುಮಾರಾಗಿ ಅರ್ಧಕ್ಕರ್ಧ. ಚೊಚ್ಚಲಿನವರಲ್ಲಿ 100ರಲ್ಲಿ 40ರಷ್ಟು, ಮೊದಲು ಹೆತ್ತವರಲ್ಲಿ 60ರಷ್ಟು. ತಿರುಗಿದ ಮಗು ಮತ್ತೆ ಉಲ್ಟಾ ಆಗುವುದು ಅಪರೂಪ. ಅಪಾಯವೇ ಇಲ್ಲವೆಂದಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಎದೆಬಡಿತದ ಏರುಪೇರು ಅಥವಾ ರಕ್ತಸ್ರಾವದಿಂದ ತುರ್ತು ಸಿಸೇರಿಯನ್ ಮಾಡಬೇಕಾಗಿ ಬರುತ್ತದೆ. ಅದಕ್ಕೇ ಇದನ್ನು ಆಪರೇಷನ್ ಥಿಯೇಟರ್ ಸಿದ್ಧವಿರುವ ಆಸ್ಪತ್ರೆಯಲ್ಲಿಯೇ ಮಾಡಬೇಕು.

ಎಣ್ಣೆ ಹಚ್ಚಿ ತಿರುಗಿಸುವ ಅಜ್ಜಿಗೂ ಈ ಡಾಕ್ಟರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಕೈಯ ಚಲನೆ ನೋಡಲು ಒಂದೇ ತರಹ ಇರಬಹುದು. ಆ ಅಜ್ಜಿಯ ಅನುಭವವನ್ನು ಹೀಗಳೆಯಬೇಕಾಗಿಯೂ ಇಲ್ಲ. ಆದರೆ ಮಾಸು ಎಲ್ಲಿದೆ ಎಂದು ಆಕೆಗೆ ಕಾಣುವುದಿಲ್ಲ. ಒತ್ತುವಾಗ ಮಗುವಿನ ಎದೆಬಡಿತ ಇಳಿಯುತ್ತಿದೆಯೇ ಎಂದು ತಿಳಿಯುವುದಿಲ್ಲ. ಮಾಸು ಗರ್ಭಕೋಶದಿಂದ ಕಿತ್ತುಬಂದು ಒಳಗೇ ರಕ್ತ ಸುರಿಯತೊಡಗಿದರೆ ಹತ್ತಿರದಲ್ಲಿ ಥಿಯೇಟರ್ ಇರುವುದಿಲ್ಲ. ಹಿಂದೆ ಸಿಸೇರಿಯನ್ ಆದವರಲ್ಲಿ ಹಳೆಯ ಹೊಲಿಗೆಯೇ ಬಿಟ್ಟುಕೊಳ್ಳಬಹುದು. ದಯವಿಟ್ಟು ಮನೆಯಲ್ಲಿ ಯಾರಿಗೂ ಹೊಟ್ಟೆ ಒತ್ತಿಸಬೇಡಿ.

ಎಲ್ಲರಿಗೂ ಇಸಿವಿ ಆಗುವುದಿಲ್ಲ. ಮಾಸು ಕೆಳಗಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಒಡೆದಿದ್ದರೆ, ಅವಳಿ ಮಕ್ಕಳಿದ್ದರೆ, ಎದೆಬಡಿತದಲ್ಲಿ ತೊಂದರೆ ಕಂಡರೆ, ಬೇರೆ ಕಾರಣಕ್ಕೆ ಸಿಸೇರಿಯನ್ ಹೇಗೂ ಬೇಕಿದ್ದರೆ ಮಾಡುವುದಿಲ್ಲ. ಇದರ ಅಭ್ಯಾಸವಿರುವ ಡಾಕ್ಟರುಗಳು ಎಲ್ಲ ಆಸ್ಪತ್ರೆಗಳಲ್ಲೂ ಇರುವುದಿಲ್ಲ. ನಿಮ್ಮ ಡಾಕ್ಟರ್ ಮಾಡದಿದ್ದರೆ, ಎಲ್ಲಿ ಮಾಡುತ್ತಾರೆ ಎಂದು ಅವರನ್ನೇ ಕೇಳಿ. ಜಿಲ್ಲಾ ಮಟ್ಟದ ಹೆರಿಗೆ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಬಹುದು. ಆದರೆ ವಿಚಾರಿಸುವುದನ್ನು 36ನೇ ವಾರದಲ್ಲೇ ಮಾಡಬೇಕು. ನೋವು ಶುರುವಾಗಿ ನೀರು ಒಡೆದ ಮೇಲೆ ಕೇಳಿ ಪ್ರಯೋಜನವಿಲ್ಲ.

ಮೂರು ನಾಲ್ಕು ಮಕ್ಕಳನ್ನು ಬಯಸುವ ಕುಟುಂಬಗಳು ಈ ಪ್ರಶ್ನೆಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದು ಸಿಸೇರಿಯನ್ ಇಂದು ಸುರಕ್ಷಿತ. ಆದರೆ ಎರಡು, ಮೂರು ಎಂದು ಸಂಖ್ಯೆ ಹೆಚ್ಚಿದಂತೆ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಹೊಲಿಗೆಯ ಮೇಲೆಯೇ ಬೇರೂರುವ ಅಪಾಯ ಏರುತ್ತದೆ. ಹಾಗಾದಾಗ ಹೆರಿಗೆಯ ವೇಳೆ ಆಗುವ ರಕ್ತಸ್ರಾವ ಕೆಲವೊಮ್ಮೆ ಗರ್ಭಕೋಶವನ್ನೇ ತೆಗೆಯಬೇಕಾದ ಮಟ್ಟಕ್ಕೆ ಹೋಗುತ್ತದೆ. ಮೊದಲ ಸಿಸೇರಿಯನ್ ತಪ್ಪಿಸಲು ಸುರಕ್ಷಿತವಾದ ಒಂದು ಪ್ರಯತ್ನ ಇದೆ ಎಂದಾದರೆ ಅದನ್ನು ಕೇಳದೆ ಬಿಡುವುದೇಕೆ?

ಸುಜೂದ್‌ನಿಂದ ತಿರುಗುತ್ತದೆಯೇ?

ಇದು ಬಹಳ ಸಹೋದರಿಯರು ಕೇಳುವ ಪ್ರಶ್ನೆ. ಮಂಡಿ ಮತ್ತು ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟವನ್ನು ಎತ್ತರದಲ್ಲಿ ಇಡುವ ವ್ಯಾಯಾಮವನ್ನು ವೈದ್ಯರೂ ಪರೀಕ್ಷಿಸಿ ನೋಡಿದ್ದಾರೆ. ನೋಡಲು ಅದು ಸುಜೂದನ್ನೇ ಹೋಲುತ್ತದೆ. ಅದರಿಂದ ಮಗು ತಿರುಗುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಹಾನಿಯೂ ಕಂಡುಬಂದಿಲ್ಲ. ನಿಮಗೆ ತಲೆಸುತ್ತು, ಎದೆಯುರಿ ಬರದಿದ್ದರೆ ಮಾಡಿಕೊಳ್ಳಿ, ಆದರೆ ಅದನ್ನೇ ನಂಬಿ ಆಸ್ಪತ್ರೆಯ ದಿನವನ್ನು ಮುಂದೂಡಬೇಡಿ. ಇನ್ನು ಸುಜೂದ್ ಎಂಬುದು ಆರಾಧನೆ. ಅದನ್ನು ವ್ಯಾಯಾಮದ ಲೆಕ್ಕದಲ್ಲಿ ಅಳೆಯುವುದು ಬೇಡ. ಎಂಟು ಒಂಬತ್ತನೇ ತಿಂಗಳಲ್ಲಿ ಬಗ್ಗಲು ಕಷ್ಟವಾದವರಿಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದ್ದೇ ಇದೆ.

ತಿರುಗದೇ ಉಳಿದರೆ

ತಲೆ ಮೊದಲು ಬರುವ ಹೆರಿಗೆಯಲ್ಲಿ ಮಗುವಿನ ಅತಿ ದೊಡ್ಡ ಭಾಗ ಮೊದಲು ದಾರಿ ಮಾಡಿಕೊಂಡು ಬರುತ್ತದೆ, ಉಳಿದದ್ದು ಹಿಂದೆ ಜಾರಿ ಬರುತ್ತದೆ. ಬ್ರೀಚ್‌ನಲ್ಲಿ ಇದು ತಿರುಗುಮುರುಗು. ಮೈ ಹೊರಬಂದ ಮೇಲೆ ತಲೆ ಒಳಗೆ ಸಿಕ್ಕಿಕೊಳ್ಳಬಹುದು. ಆ ಹೊತ್ತಿಗೆ ಹೊಕ್ಕುಳಬಳ್ಳಿಯೂ ಅದುಮಿಹೋಗುವುದರಿಂದ ಕೈಯಲ್ಲಿರುವುದು ಕೆಲವೇ ನಿಮಿಷ.

ಹಿಂದಿನ ಕಾಲದಲ್ಲಿ ಬ್ರೀಚ್ ಮಕ್ಕಳು ಮನೆಯಲ್ಲೇ ಹುಟ್ಟುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹುಟ್ಟುತ್ತಿದ್ದವು. ಉಳಿಯದೇ ಹೋದ ಮಕ್ಕಳ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. 2000ದಲ್ಲಿ ಪ್ರಕಟವಾದ, 26 ದೇಶಗಳ 2088 ಗರ್ಭಿಣಿಯರನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ಈ ಚಿತ್ರವನ್ನು ಬದಲಿಸಿತು. ಮೊದಲೇ ನಿಗದಿಪಡಿಸಿ ಸಿಸೇರಿಯನ್ ಮಾಡಿದಾಗ ಮಗುವಿನ ಸಾವು ಅಥವಾ ಗಂಭೀರ ತೊಂದರೆ 100ಕ್ಕೆ 1.6ರಷ್ಟಿತ್ತು. ಸಹಜ ಹೆರಿಗೆಗೆ ಬಿಟ್ಟಾಗ ಅದು 5ರಷ್ಟಾಯಿತು. ಅಂದಿನಿಂದ ಜಗತ್ತಿನ ಹೆಚ್ಚಿನ ಕಡೆ ಬ್ರೀಚ್‌ಗೆ ಸಿಸೇರಿಯನ್ ರೂಢಿಯಾಯಿತು. ಅದೇ ಮಕ್ಕಳನ್ನು ಎರಡು ವರ್ಷದ ಪ್ರಾಯದಲ್ಲಿ ನೋಡಿದಾಗ ಎರಡು ಗುಂಪುಗಳ ನಡುವೆ ಅಷ್ಟು ಅಂತರ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ಚರ್ಚೆ ಇನ್ನೂ ಮುಗಿದಿಲ್ಲ. ಬ್ರಿಟನ್ನಿನ ಹೆರಿಗೆ ತಜ್ಞರ ರಾಯಲ್ ಕಾಲೇಜು 2017ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಮಗುವಿನ ಸಾವಿನ ಅಪಾಯ 39 ವಾರದ ಬಳಿಕ ನಿಗದಿತ ಸಿಸೇರಿಯನ್‌ನಲ್ಲಿ 2000ಕ್ಕೆ 1, ನಿಗದಿತ ಬ್ರೀಚ್ ಸಹಜ ಹೆರಿಗೆಯಲ್ಲಿ 1000ಕ್ಕೆ 2, ತಲೆ ಕೆಳಗಿರುವ ಸಹಜ ಹೆರಿಗೆಯಲ್ಲಿ 1000ಕ್ಕೆ 1. ಆದರೆ ಇವು ನುರಿತ ಕೈ, ಸದಾ ಎದೆಬಡಿತ ನೋಡುವ ಯಂತ್ರ, ಪಕ್ಕದಲ್ಲೇ ಥಿಯೇಟರ್ ಇರುವ ಕಡೆಯ ಅಂಕಿಗಳು. ಬ್ರೀಚ್ ಹೆರಿಗೆ ಮಾಡಿಸಿ ಪಳಗಿದ ಡಾಕ್ಟರುಗಳು ಈಗ ಕಡಿಮೆ. ಅಂಥವರು ಇಲ್ಲದ ಕಡೆ ಸಹಜ ಹೆರಿಗೆಗೆ ಹಟ ಹಿಡಿಯುವುದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಸಿಸೇರಿಯನ್ ಮೂಲಕ ಹೆತ್ತವಳು ಹೆತ್ತವಳೇ. ನೋವು ತಿನ್ನದೆ ಹೆತ್ತಳು ಎಂದು ಬಾಣಂತಿಯ ಕೋಣೆಯಲ್ಲಿ ಕುಳಿತು ಆಡುವವರು ಒಮ್ಮೆ ಆಕೆಯ ಹೊಟ್ಟೆಯ ಹೊಲಿಗೆ ನೋಡಲಿ.

ಸಿಸೇರಿಯನ್ ಎಂದು ತೀರ್ಮಾನವಾದರೆ ಸಾಮಾನ್ಯವಾಗಿ 39ನೇ ವಾರದಲ್ಲಿ ದಿನ ಕೊಡುತ್ತಾರೆ. ಗಂಡನ ರಜೆಗೆ ಅಥವಾ ಇಷ್ಟದ ದಿನಕ್ಕೆ ಹೊಂದಿಸಲು ಅದಕ್ಕಿಂತ ಬಹಳ ಮುಂಚೆ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆ ಬರಬಹುದು. ತಡಮಾಡಿದರೆ ಅದಕ್ಕೂ ಮೊದಲು ನೋವು ಶುರುವಾಗಬಹುದು. ಥಿಯೇಟರ್‌ಗೆ ಹೋಗುವ ಮೊದಲು ಮಗು ಈಗ ಹೇಗಿದೆ ಎಂದು ಮತ್ತೊಮ್ಮೆ ಸ್ಕ್ಯಾನ್ ಮಾಡಲು ಹೇಳಿ. ಕೊನೆಯ ಗಳಿಗೆಯಲ್ಲಿ ತಿರುಗಿರುವ ಮಕ್ಕಳೂ ಇವೆ.

ಮನೆಯವರು ಮೊದಲೇ ಕುಳಿತು ಮಾತಾಡಿ ಮುಗಿಸಬೇಕಾದ ಕೆಲವು ವಿಷಯಗಳಿವೆ. ಮುಖ್ಯವಾದದ್ದು ಸಹಿ. ಗಂಡ ದಮ್ಮಾಮ್‌ನಲ್ಲೋ ದುಬೈಯಲ್ಲೋ ಇರುತ್ತಾನೆ, ಫೋನ್ ಎತ್ತುವುದಿಲ್ಲ, ಅವನನ್ನು ಕೇಳದೆ ಸಹಿ ಹಾಕಲು ಮಾವನಿಗೆ ಧೈರ್ಯವಿಲ್ಲ. ಒಳಗೆ ಮಗುವಿನ ಎದೆಬಡಿತ ಇಳಿಯುತ್ತಿರುತ್ತದೆ. ಪ್ರಾಯಕ್ಕೆ ಬಂದ, ಪ್ರಜ್ಞೆ ಇರುವ ಮಹಿಳೆ ತನ್ನ ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು, ಕಾನೂನು ಕೇಳುವುದು ಆಕೆಯ ಒಪ್ಪಿಗೆಯನ್ನೇ. ಗಂಡಂದಿರು ಇದನ್ನು ತಿಳಿದು, ಬೇಕಾದಾಗ ನೀನೇ ಸಹಿ ಹಾಕು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡನೆಯದು ಲೇಡಿ ಡಾಕ್ಟರ್ ವಿಷಯ. ಲೇಡಿ ಡಾಕ್ಟರ್ ಬೇಕು ಎಂದು 36ನೇ ವಾರದಲ್ಲೇ ಹೇಳಿ ವ್ಯವಸ್ಥೆ ಮಾಡಿಕೊಳ್ಳಿ, ಅದು ನ್ಯಾಯವಾದ ಬೇಡಿಕೆ. ಆದರೆ ನಡುರಾತ್ರಿ ತುರ್ತಾದಾಗ ಡ್ಯೂಟಿಯಲ್ಲಿ ಪುರುಷ ವೈದ್ಯರೊಬ್ಬರೇ ಇದ್ದರೆ ಬಾಗಿಲಲ್ಲಿ ನಿಂತು ವಾದಿಸಬೇಡಿ. ಪ್ರಾಣ ಉಳಿಸುವ ಅನಿವಾರ್ಯತೆಯಲ್ಲಿ ಧರ್ಮ ಅದನ್ನು ತಡೆಯುವುದಿಲ್ಲ. ರಕ್ತ ಕೊಡಬಲ್ಲ ಇಬ್ಬರು, ರಾತ್ರಿ ಕರೆದರೂ ಬರುವ ವಾಹನ, ಇವೂ ಗೊತ್ತಾಗಿರಲಿ. ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಕೂಡ ಉಚಿತ.

ನೀರು ಒಡೆದಾಗ

ತಲೆ ಕೆಳಗಿರುವ ಮಗು ಬಾಟಲಿಯ ಬಿರಡೆಯಂತೆ ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿರುತ್ತದೆ. ಪೃಷ್ಠ ಅಷ್ಟು ಚೆನ್ನಾಗಿ ಮುಚ್ಚುವುದಿಲ್ಲ, ಇಳಿಬಿಟ್ಟ ಕಾಲಂತೂ ಮುಚ್ಚುವುದೇ ಇಲ್ಲ. ಹಾಗಾಗಿ ನೀರು ಒಡೆದಾಗ ಅದರ ಜೊತೆ ಹೊಕ್ಕುಳಬಳ್ಳಿ ಜಾರಿ ಹೊರಬರಬಹುದು. ಬಳ್ಳಿ ಅದುಮಿದರೆ ಮಗುವಿಗೆ ರಕ್ತ ನಿಲ್ಲುತ್ತದೆ. ಬ್ರೀಚ್ ಎಂದು ಗೊತ್ತಿರುವವರು ನೀರು ಒಡೆದ ಕ್ಷಣವೇ, ನೋವಿಲ್ಲದಿದ್ದರೂ, ಸ್ನಾನ ಊಟ ಎಂದು ತಡಮಾಡದೆ ಆಸ್ಪತ್ರೆಗೆ ಹೊರಡಬೇಕು.

ಯೋನಿಯಲ್ಲಿ ಅಥವಾ ಹೊರಗೆ ಹಗ್ಗದಂತಹ ಮೆತ್ತನೆಯದೇನಾದರೂ ಕಂಡರೆ, ಕೈಗೆ ಸಿಕ್ಕರೆ, ಅದು ಹೊಕ್ಕುಳಬಳ್ಳಿ. ಅದನ್ನು ಎಳೆಯಬೇಡಿ, ಒಳಗೆ ತುರುಕಲೂ ಹೋಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿಸಿ, ಬಳ್ಳಿ ಹೊರಬಂದಿದೆ ಎಂದು ಸ್ಪಷ್ಟವಾಗಿ ಹೇಳಿಸಿ. ಆಂಬುಲೆನ್ಸ್ ಬರುವವರೆಗೆ ಸುಜೂದ್‌ನಂತೆ ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಇರಿ. ಈ ಭಂಗಿ ಮಗುವನ್ನು ತಿರುಗಿಸದಿದ್ದರೂ ಇಲ್ಲಿ ಅದರ ಭಾರವನ್ನು ಬಳ್ಳಿಯ ಮೇಲಿಂದ ಹಿಂದಕ್ಕೆ ಸರಿಸುತ್ತದೆ. ವಾಹನದೊಳಗೆ ಎಡಮಗ್ಗುಲಾಗಿ, ಸೊಂಟದ ಕೆಳಗೆ ಎರಡು ದಿಂಬು ಇಟ್ಟು ಮಲಗಿ.

ದಾರಿಯಲ್ಲೇ ಮಗು ಬರತೊಡಗಿದರೆ ಜೊತೆಗಿರುವವರು ನೆನಪಿಡಬೇಕಾದದ್ದು ಒಂದೇ: ಎಳೆಯಬೇಡಿ. ಕಾಲು ಹಿಡಿದು ಎಳೆದರೆ ಮಗುವಿನ ಕೈಗಳು ತಲೆಯ ಪಕ್ಕಕ್ಕೆ ಹೋಗಿ, ಗದ್ದ ಮೇಲೆದ್ದು, ತಲೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ತಾಯಿ ಮುಕ್ಕುತ್ತಿರಲಿ, ಬರುತ್ತಿರುವ ಮೈಯನ್ನು ಬೆಚ್ಚನೆಯ ಬಟ್ಟೆಯಿಂದ ಆಧರಿಸಿದರೆ ಸಾಕು.

ಮಗು ಹುಟ್ಟಿದ ಮೇಲೆ

ಕಾಲೆತ್ತಿಕೊಂಡೇ ಇದ್ದ ಮಗು ಹುಟ್ಟಿದ ಮೇಲೂ ಕೆಲವು ದಿನ ಕಾಲನ್ನು ಮುಖದ ಕಡೆಗೆ ಎತ್ತಿಕೊಂಡೇ ಮಲಗುತ್ತದೆ. ನೋಡಿದವರಿಗೆ ಗಾಬರಿ. ಅದು ತಾನಾಗಿಯೇ ಇಳಿಯುತ್ತದೆ. ಮಗುವನ್ನು ಮೀಯಿಸುವ ಹೆಂಗಸು ಕಾಲನ್ನು ಹಿಡಿದು ನೇರ ಮಾಡಲು ಜಗ್ಗದಂತೆ ನೋಡಿಕೊಳ್ಳಿ.

ನಿಜವಾಗಿ ಗಮನಿಸಬೇಕಾದದ್ದು ಸೊಂಟದ ಕೀಲು. ಕೊನೆಯ ತಿಂಗಳುಗಳಲ್ಲಿ ಬ್ರೀಚ್ ಆಗಿದ್ದ ಮಕ್ಕಳಲ್ಲಿ, ಸಿಸೇರಿಯನ್ ಆಗಿದ್ದರೂ ಸರಿ, ತೊಡೆಯೆಲುಬಿನ ತಲೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರದಿರುವ ತೊಂದರೆ ಉಳಿದವರಿಗಿಂತ ಹೆಚ್ಚು. ಹೆಣ್ಣು ಮಗುವಾದರೆ ಇನ್ನೂ ಹೆಚ್ಚು. ಮೊದಲ ತಿಂಗಳುಗಳಲ್ಲಿ ಗೊತ್ತಾದರೆ ಒಂದು ಪಟ್ಟಿ ಕಟ್ಟಿ ಸರಿಪಡಿಸಬಹುದು. ಮಗು ನಡೆಯಲು ಶುರುಮಾಡಿ ಕುಂಟಿದಾಗ ಗೊತ್ತಾದರೆ ಆಪರೇಷನ್ ಬೇಕಾಗಬಹುದು. ಆದ್ದರಿಂದ ಮಕ್ಕಳ ಡಾಕ್ಟರಿಗೆ ಮಗು ಬ್ರೀಚ್ ಆಗಿತ್ತು ಎಂದು ಮರೆಯದೆ ಹೇಳಿ, ಸುಮಾರು ಆರು ವಾರದ ಪ್ರಾಯದಲ್ಲಿ, ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಹೋಗುವ ಹೊತ್ತಿಗೆ, ಸೊಂಟದ ಸ್ಕ್ಯಾನ್ ಬಗ್ಗೆ ಕೇಳಿ. ಕಾಲೆರಡನ್ನೂ ಜೋಡಿಸಿ ಕೋಲಿನಂತೆ ನೇರ ಮಾಡಿ ಬಟ್ಟೆ ಬಿಗಿಯುವುದನ್ನು ಬಿಟ್ಟುಬಿಡಿ. ಸುತ್ತುವುದಾದರೆ ಸೊಂಟದಿಂದ ಕೆಳಗೆ ಸಡಿಲವಾಗಿರಲಿ, ಮಗು ಕಪ್ಪೆಯಂತೆ ಮಂಡಿ ಮಡಚಿ ಅಗಲಿಸಿಕೊಳ್ಳಲು ಜಾಗವಿರಲಿ. ಕತ್ತು ನಿಂತ ಮೇಲೆ ನಮ್ಮ ಹೆಂಗಸರು ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳುವ ರೂಢಿ ಇದೆಯಲ್ಲ, ಆ ಕೀಲಿಗೆ ಅದು ಬಹಳ ಒಳ್ಳೆಯದು.